ಕಾಸರಗೋಡಿನವರಿಗೆ ಒಂದು ಪ್ರಶ್ನೆ: ನಮ್ಮ ಟಾಕೀಸುಗಳ ಮಟ್ಟಿಗೆ ಮರೆಯಲಾಗದ ವರ್ಷ ಯಾವುದು?

ನೀರ್ಚಾಲಿನ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ನಮ್ಮ ಊರಿನ ಹಳೆಯ ಟಾಕೀಸುಗಳ ಬಗ್ಗೆ ಒಂದು ಲೇಖನ ಬರೆಯಲಿಕ್ಕೆ ಹೊರಟಿದ್ದೇನೆ.

ಕನ್ನಡ ಸಿನಿಮಾದ ದೊಡ್ಡ ವರ್ಷ ಯಾವುದು ಅಂತ ಕೇಳಿದರೆ ಬೆಂಗಳೂರಿನವರು ಯೋಚಿಸದೆ 1972 ಅನ್ನುತ್ತಾರೆ. ಮಾರ್ಚ್ 31ಕ್ಕೆ ‘ಬಂಗಾರದ ಮನುಷ್ಯ’, ವರ್ಷದ ಕೊನೆಗೆ ‘ನಾಗರಹಾವು’. ಸ್ಟೇಟ್ಸ್ ಚಿತ್ರಮಂದಿರದಲ್ಲಿ ರಾಜ್‌ಕುಮಾರ್ ಎರಡು ವರ್ಷ ಇಳಿಯಲೇ ಇಲ್ಲ ಎಂಬ ಮಾತು ಎಲ್ಲ ಲೇಖನದಲ್ಲೂ ಬರುತ್ತದೆ. ಆದರೆ ಆ ಲೇಖನಗಳಲ್ಲಿ ನಮ್ಮ ಊರು ಎಲ್ಲೂ ಇಲ್ಲ. ಆಗ ನಾವು ಕೇರಳಕ್ಕೆ ಸೇರಿ ಹದಿನೈದು ವರ್ಷ ದಾಟಿತ್ತು, ಕಾಸರಗೋಡು ಕಣ್ಣೂರು ಜಿಲ್ಲೆಯ ಒಂದು ತಾಲೂಕು. ನಮಗೂ ಅದೇ 1972 ಬಂತಾ? ನನ್ನ ಅಜ್ಜಿ ‘ಬಂಗಾರದ ಮನುಷ್ಯ’ ನೋಡಿದ್ದು ಆಮೇಲೆ ಎಷ್ಟೋ ಸಮಯಕ್ಕೆ, ಅದೂ ಮಡಲಿನ (ತೆಂಗಿನ ಗರಿ ಹೊದೆಸಿದ) ಟಾಕೀಸಿನಲ್ಲಿ ಅನ್ನುತ್ತಾರೆ.

ಪಟ್ಟಿ ಬೇಡ, ಪಟ್ಟಿ ನನ್ನ ಹತ್ತಿರ ಉಂಟು. ಎಲ್ಲಿ ನೋಡಿದಿರಿ, ಪಕ್ಕದಲ್ಲಿ ಕೂತವರು ಏನು ಹೇಳಿದರು, ಆ ವರ್ಷ ಯಾಕೆ ನೆನಪಿನಲ್ಲಿ ಉಳಿಯಿತು, ಅದನ್ನು ಬರೆಯಿರಿ.

---

ಉಪ್ಪಳದ ಭಾವ

ನಮಗೆ ರೈಲು ಇತ್ತು, ಹಾಗಾಗಿ ನಾವು ಮಡಲಿನ ಟಾಕೀಸಿಗೆ ಕಾಯಲಿಲ್ಲ. ಉಪ್ಪಳದಲ್ಲಿ ಗಾಡಿ ಹತ್ತಿದರೆ ಮಂಗಳೂರು. ಜ್ಯೋತಿ, ಸೆಂಟ್ರಲ್, ರೂಪವಾಣಿ, ನ್ಯೂಚಿತ್ರ, ಎಲ್ಲಿ ಯಾವ ಪಿಕ್ಚರ್ ಅಂತ ಸ್ಟೇಷನ್ನಿನ ಗೋಡೆ ನೋಡಿಯೇ ಗೊತ್ತಾಗುತ್ತಿತ್ತು.

ನನ್ನ ನೆನಪಿನ 1972ರಲ್ಲಿ ‘ಪಾಕೀಜಾ’ವೂ ಉಂಟು. ಉಪ್ಪಳದಲ್ಲಿ ಉರ್ದು ಮಾತಾಡುವ ಮನೆಗಳು ತುಂಬಾ. ಆ ಮನೆಯ ಹೆಂಗಸರು ಸಿನಿಮಾಕ್ಕೆ ಅಂತ ಮಂಗಳೂರಿಗೆ ಹೊರಟದ್ದನ್ನು ನಾನು ಮೊದಲು ಕಂಡದ್ದು ಆ ಪಿಕ್ಚರಿಗೆ. ಫೆಬ್ರವರಿ 4ಕ್ಕೆ ಮುಂಬೈಯಲ್ಲಿ ಅದು ಬಿಡುಗಡೆ, ಮಾರ್ಚ್ 31ಕ್ಕೆ ಅದರ ನಾಯಕಿ ಮೀನಾ ಕುಮಾರಿ ತೀರಿಹೋದರು. ಅದೇ ದಿನ ಬೆಂಗಳೂರಿನಲ್ಲಿ ‘ಬಂಗಾರದ ಮನುಷ್ಯ’ ಶುರು. ಮೀನಾ ಕುಮಾರಿ ಹೋದ ಸುದ್ದಿ ಬಂದ ಮೇಲೆ ‘ಪಾಕೀಜಾ’ಕ್ಕೆ ಜನ ಇನ್ನೂ ಹೆಚ್ಚಾದರು. ನಮ್ಮ ನೆರೆಮನೆಯ ಒಬ್ಬ ಅಜ್ಜಿ ಅವರಿಗೋಸ್ಕರ ಫಾತಿಹಾ ಓದಿಸಿದ್ದು ನನಗೆ ಗೊತ್ತುಂಟು.

ಮಡಲಿನ ಟಾಕೀಸಿನ ಕತೆ ಬೇಕಾದರೆ ನಮ್ಮ ಹಳೇ ಆಪರೇಟರಣ್ಣ ಇಲ್ಲೇ ಇದ್ದಾರೆ. ಅಣ್ಣ, ನೀವು ಬರೆಯಬೇಕು.

---

ಹಳೇ ಆಪರೇಟರ್

ಮಗಳೇ, ನಿನ್ನ ಅಜ್ಜಿ ಹೇಳಿದ್ದು ಸರಿ. ನಮಗೆ 1972 ಬಂದದ್ದು ತಡವಾಗಿ. ‘ಬಂಗಾರದ ಮನುಷ್ಯ’ ಬೆಂಗಳೂರಿನಲ್ಲಿ ವರ್ಷ ದಾಟಿ ಓಡುತ್ತಿರುವಾಗ ಅದರ ಫಿಲ್ಮಿನ ಪೆಟ್ಟಿಗೆ ನಮ್ಮಲ್ಲಿಗೆ ಬಂತು, ‘ನಾಗರಹಾವು’ ಅದಕ್ಕೂ ಆಮೇಲೆ. ಹಾಗಾಗಿ ಸಿನಿಮಾದ ವರ್ಷವನ್ನು ನಾನು ಬಿಡುಗಡೆಯ ತಾರೀಕಿನಿಂದ ಲೆಕ್ಕ ಹಾಕುವವನಲ್ಲ, ಪೆಟ್ಟಿಗೆ ಬಸ್ಸಿನಿಂದ ಇಳಿದ ದಿನದಿಂದ ಲೆಕ್ಕ ಹಾಕುವವ.

ನಾನು ಬದಿಯಡ್ಕದ ಆಚೆ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಟಾಕೀಸು ಅಂದರೆ ಹೆಣೆದ ಮಡಲಿನ ಮಾಡು, ಸುತ್ತ ಮಡಲಿನ ತಟ್ಟಿ, ಎದುರು ಬಿಳಿ ಬಟ್ಟೆ. ಮಳೆಗಾಲಕ್ಕೆ ಮುಚ್ಚುವುದು, ದೀಪಾವಳಿ ಕಳೆದ ಮೇಲೆ ಮಾಡು ಹೊಸತು ಹೊದೆಸುವುದು. ಹಗಲಿನ ಆಟ ಇಲ್ಲ, ತಟ್ಟಿಯ ಸಂದಿನಲ್ಲಿ ಬಿಸಿಲು ನುಗ್ಗಿದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಫಸ್ಟ್ ಶೋ, ಸೆಕೆಂಡ್ ಶೋ ಅಷ್ಟೇ. ಸಂಜೆ ಮೈಕದಲ್ಲಿ ಹಾಡಿನ ಪ್ಲೇಟು ಹಾಕಿದರೆ ಮೂರು ಗುಡ್ಡೆಯ ಆಚೆಗೂ ಕೇಳುತ್ತಿತ್ತು, ಮನೆಗಳಲ್ಲಿ ಬೇಗ ಅನ್ನ ಆಗುತ್ತಿತ್ತು. ಸೆಕೆಂಡ್ ಶೋ ಬಿಟ್ಟ ಮೇಲೆ ಜನ ಸೂಟೆ (ಒಣ ಗರಿಯ ಪಂಜು) ಹಿಡಿದುಕೊಂಡು ಗುಡ್ಡೆ ಹತ್ತಿ ಹೋಗುತ್ತಿದ್ದರು. ಕೂಡ್ಲು, ಧರ್ಮಸ್ಥಳ, ಸುರತ್ಕಲ್ ಮೇಳದ ಯಕ್ಷಗಾನ ಆಟ ಹತ್ತಿರ ಎಲ್ಲಾದರೂ ಇದ್ದರೆ ಆ ದಿನ ನಮ್ಮಲ್ಲಿ ಜನ ಕಮ್ಮಿ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಸಾಧ್ಯ ಆದರೆ ನಾವೂ ಆಟಕ್ಕೇ ಹೋಗುವವರು.

ಮಲಯಾಳದ ಪೆಟ್ಟಿಗೆ ಕಲ್ಲಿಕೋಟೆ ಕಡೆಯಿಂದ ಬರುವುದು, ಕನ್ನಡದ್ದು ಮಂಗಳೂರು ಕಡೆಯಿಂದ. ನಮ್ಮದು ಎರಡೂ ಸಾಲಿನ ಕೊನೆಯ ಊರು. ದೊಡ್ಡ ಪೇಟೆಗಳಲ್ಲಿ ಓಡಿ, ಸಣ್ಣ ಪೇಟೆಗಳಲ್ಲಿ ಓಡಿ, ಪ್ರಿಂಟು ಸವೆದ ಮೇಲೆ ನಮ್ಮ ಕೈಗೆ. ಪೆಟ್ಟಿಗೆ ಬಂದ ಕೂಡಲೇ ನನ್ನ ಕೆಲಸ ಒಂದೇ: ಒಂದೊಂದು ರೀಲನ್ನೂ ಕೈಯಲ್ಲಿ ತಿರುಗಿಸುತ್ತಾ ಫಿಲ್ಮಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಾಯಿಸುವುದು. ಫಿಲ್ಮಿನ ಒಂದೊಂದು ಚೌಕದ ಚಿತ್ರಕ್ಕೆ ಎರಡೂ ಬದಿಯಲ್ಲಿ ನಾಲ್ಕು ನಾಲ್ಕು ತೂತು ಇರುತ್ತದೆ. ಹರಿದ ತೂತು ಬೆರಳಿಗೆ ಚುಚ್ಚುತ್ತದೆ. ಅಲ್ಲಿ ನಿಲ್ಲಿಸಿ, ಕತ್ತರಿಸಿ, ಬ್ಲೇಡಿನಲ್ಲಿ ಮೇಲಿನ ಪದರ ಕೆರೆದು, ಸಿಮೆಂಟು ಅಂತ ಹೇಳುವ ಫಿಲ್ಮಿನ ಅಂಟು ಹಚ್ಚಿ ಒತ್ತಿ ಹಿಡಿಯಬೇಕು. ಒಂದು ಅಡಿ ಹೋಯಿತು ಅಂದರೆ 16 ಚಿತ್ರ ಹೋಯಿತು. ಸೆಕೆಂಡಿಗೆ 24 ಓಡುವುದು, ಅಂದರೆ ಒಂದು ಸಣ್ಣ ಮಾತು ಇಡೀ ಹೋಗಲಿಕ್ಕೆ ಸಾಕು. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ: ಫಿಲ್ಮಿನಲ್ಲಿ ಶಬ್ದದ ಗೆರೆ ತನ್ನ ಚಿತ್ರಕ್ಕಿಂತ 20 ಚೌಕ ಮುಂದೆ ಇರುತ್ತದೆ. ಹಾಗಾಗಿ ಒಂದು ಕಡೆ ಕತ್ತರಿಸಿದರೆ ಚಿತ್ರ ಹಾರುವುದು ಒಂದು ಕ್ಷಣಕ್ಕೆ, ಮಾತು ಹಾರುವುದು ಇನ್ನೊಂದು ಕ್ಷಣಕ್ಕೆ. ರಾಜ್‌ಕುಮಾರರ ಬಾಯಿಂದ ಒಂದಕ್ಷರ ಬೀಳಬಾರದು ಅಂತ ನಾನು ಆ ಪ್ರಿಂಟನ್ನು ಒಂದು ಇಡೀ ಹಗಲು ಕೂತು ಸರಿಮಾಡಿದ್ದೇನೆ.

ಈಗ ಮುಖ್ಯ ವಿಷಯ. ನಮ್ಮಲ್ಲಿ ಇದ್ದದ್ದು ಒಂದೇ ಮಿಷನು. ಎರಡು ಸಾವಿರ ಅಡಿಯ ರೀಲು ಇಪ್ಪತ್ತೆರಡು ನಿಮಿಷದ ಹತ್ತಿರ ಓಡುತ್ತದೆ. ಮುಗಿದ ಕೂಡಲೇ ದೀಪ ಹಾಕಿ, ಮಿಷನಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ನೋಡಿ, ಬೇರೆ ರೀಲು ಏರಿಸಬೇಕು. ಪೇಟೆಯ ಟಾಕೀಸಿನಲ್ಲಿ ಎರಡು ಮಿಷನು ಇರುವುದರಿಂದ ಜನಕ್ಕೆ ಒಂದು ಇಂಟರ್ವಲ್ ಮಾತ್ರ. ನಮ್ಮಲ್ಲಿ ರೀಲಿಗೊಂದು ಇಂಟರ್ವಲ್. ಆ ಎರಡು ಮೂರು ನಿಮಿಷ ಜನ ಮಾತಾಡುತ್ತಾರೆ, ಕ್ಯಾಬಿನಿನ ಕಿಂಡಿಯಿಂದ ನನಗೆ ಎಲ್ಲ ಕೇಳುತ್ತದೆ. ಬೇರೆ ಪಿಕ್ಚರಿಗೆ ಜನ ಫೈಟಿನ ಬಗ್ಗೆ, ಡ್ಯಾನ್ಸಿನ ಬಗ್ಗೆ ಮಾತಾಡುವುದು. ‘ಬಂಗಾರದ ಮನುಷ್ಯ’ಕ್ಕೆ ಜನ ಮಾತಾಡಿದ್ದು ಜಾಗೆಯ ಬಗ್ಗೆ.

ಯಾಕೆ ಅಂತ ಹೇಳುತ್ತೇನೆ. 1970 ಜನವರಿ 1ರಿಂದ ಕೇರಳದಲ್ಲಿ ಗೇಣಿ ಎಂಬುದೇ ಇಲ್ಲ ಅಂತ ಕಾನೂನು ಆಗಿತ್ತು. ತಲೆಮಾರಿನಿಂದ ಧನಿಗಳ ಅಂಗಳಕ್ಕೆ ಗೇಣಿ ಭತ್ತ ಹೊತ್ತವರು ಲ್ಯಾಂಡ್ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಿ, ಪಟ್ಟಯಕ್ಕೆ (ಭೂಮಿಯ ಹಕ್ಕುಪತ್ರಕ್ಕೆ) ಕಾಯುತ್ತಾ ಇದ್ದ ಕಾಲ ಅದು. ಗಡಿಯ ಆಚೆ ವಿಟ್ಲ, ಪುತ್ತೂರಿನ ಒಕ್ಕಲುಗಳಿಗೆ ಆ ಹಕ್ಕು ಬಂದದ್ದು 1974 ಮಾರ್ಚ್ 1ರಿಂದ. ಹಾಗಾಗಿ ಈ ಪಿಕ್ಚರನ್ನು ಮೈಸೂರು ರಾಜ್ಯದವರು ನೋಡುವಾಗ ಅವರ ಗೇಣಿದಾರರಿಗೆ ಭೂಮಿ ಇನ್ನೂ ಕನಸು. ನಮ್ಮಲ್ಲಿ ನೆಲದಲ್ಲಿ ಕೂತು ನೋಡಿದವರಲ್ಲಿ ಎಷ್ಟೋ ಜನಕ್ಕೆ ಭೂಮಿ ಅದೇ ತಾನೇ ಕೈಗೆ ಬಂದದ್ದು, ಅಥವಾ ಬರುವುದರಲ್ಲಿ ಇದ್ದದ್ದು. ಹಾಗೆ ಬಂದ ಭೂಮಿ ಎಂಥದು? ಬೈಲಿನ ತೋಟ ಎಲ್ಲರ ಪಾಲಿಗೆ ಸಿಗಲಿಲ್ಲ. ಎಷ್ಟೋ ಜನಕ್ಕೆ ಸಿಕ್ಕಿದ್ದು ಮುರಕಲ್ಲಿನ ಗುಡ್ಡೆ, ಮುಳಿಹುಲ್ಲು ಬಿಟ್ಟರೆ ಬೇರೆ ಏನೂ ಹುಟ್ಟದ ಜಾಗೆ.

ಪರದೆಯಲ್ಲಿ ರಾಜ್‌ಕುಮಾರರ ರಾಜೀವ ಬಂಜರು ನೆಲಕ್ಕೆ ಕೈ ಹಾಕುವಾಗ ನಮ್ಮ ಟಾಕೀಸಿನಲ್ಲಿ ಕೂತವರಲ್ಲಿ ಸುರಂಗ ಕೊರೆಯುವವರು ಇದ್ದರು. ಈ ಕಾಲದ ಮಕ್ಕಳಿಗೆ ಹೇಳುತ್ತೇನೆ, ಸುರಂಗ ಅಂದರೆ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದುಕೊಂಡು ಹೋಗಿ ಒರತೆ ಹಿಡಿಯುವುದು. ಒಬ್ಬ ಕುಕ್ಕರಗಾಲಿನಲ್ಲಿ ಕೂತು ಪಿಕ್ಕಾಸಿನಲ್ಲಿ ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಎಳೆಯುತ್ತಾನೆ. ಗಾಳಿ ಸಾಲದೆ ದೀಪ ನಂದಿದರೆ ಕೂಡಲೇ ಹೊರಗೆ ಬರಬೇಕು. ಅಂಥವರಿಗೆ ಆ ಪಿಕ್ಚರಿನಲ್ಲಿ ಕಂಡದ್ದು ಕತೆ ಅಲ್ಲ, ಮರುದಿನದ ಕೆಲಸ. ಒಬ್ಬರು ರೀಲು ಬದಲಿಸುವ ಹೊತ್ತಿಗೆ ಪಕ್ಕದವರಿಗೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿ ಉಂಟು: "ಇವರು ಬಾವಿಗೆ ಜಾಗೆ ನೋಡಿದ್ದು ಸರಿ ಇಲ್ಲ, ಅಡ್ಡಕ್ಕೆ ಹೋಗಬೇಕಿತ್ತು." ರಾಜೀವನ ಹೆಂಡತಿ ಲಕ್ಷ್ಮಿ ಬಾವಿಗೆ ಬಿದ್ದ ರೀಲು ಮುಗಿದು ದೀಪ ಹಾಕಿದರೆ ಇಡೀ ಟಾಕೀಸಿನಲ್ಲಿ ಒಂದು ಮಾತಿಲ್ಲ. ಹೆಂಗಸರ ಬದಿಯಲ್ಲಿ ಸೆರಗು ಕಣ್ಣಿಗೆ. ಲಕ್ಷ್ಮಿಯಾದ ಭಾರತಿಯವರು ಅಷ್ಟು ಹತ್ತಿರದವರಾಗಿ ಹೋಗಿದ್ದರು.

ಅದರ ಮೇಲೆ ಆ ಹೊತ್ತಿಗೆ ಅಡಿಕೆಗೆ ಕ್ರಯ ಇಲ್ಲ. ಧಾರಣೆ ಬಿದ್ದು ತೋಟದವರೂ ಕಂಗಾಲು. ಎರಡು ರಾಜ್ಯದ ಬೆಳೆಗಾರರು ಸೇರಿ ಕ್ಯಾಂಪ್ಕೋ ಎಂಬ ಅಡಿಕೆ ಸಹಕಾರಿ ಸಂಘ ಕಟ್ಟಿದ್ದು 1973 ಜುಲೈಯಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ. ಹಾಗಾಗಿ ಬೆಂಚಿನಲ್ಲಿ ಕೂತ ತೋಟದವರಿಗೂ ನೆಲದಲ್ಲಿ ಕೂತ ಒಕ್ಕಲಿಗೂ ಆ ವರ್ಷ ಚಿಂತೆ ಒಂದೇ, ಈ ಮಣ್ಣನ್ನು ನಂಬಿ ಬದುಕಲಿಕ್ಕೆ ಆಗುತ್ತದಾ ಅಂತ. ಪಿಕ್ಚರು ಆ ಪ್ರಶ್ನೆಗೆ ಹೌದು ಅಂತ ಹೇಳಿತು. ಆಮೇಲೆ ಅದೇ ರಾಜೀವ ಅಕ್ಕನ ಮಗನ ಮಾತಿಗೆ ಎಲ್ಲ ಬಿಟ್ಟು ನಡೆದುಹೋದ. ಕೊನೆಯ ರೀಲು ಓಡುವಾಗ "ಹೋಗಬೇಡಿ" ಅಂತ ಪರದೆಗೆ ಕೂಗಿ ಹೇಳಿದವರು ಇದ್ದರು. ಡೈರೆಕ್ಟರ್ ಸಿದ್ದಲಿಂಗಯ್ಯನವರ ಶಕ್ತಿ ಅದು. ಟಿ.ಕೆ. ರಾಮರಾಯರ ಮೂಲ ಕಾದಂಬರಿಯನ್ನು ಓದಿದವರು ನಮ್ಮಲ್ಲಿ ಬೆರಳೆಣಿಕೆ ಮಂದಿ, ಆದರೆ ರಾಜೀವಪ್ಪ ಎಲ್ಲರ ಮನೆಯ ಮಾತಾದರು.

ಆ ಪಿಕ್ಚರು ನೋಡಿ ಪೇಟೆ ಬಿಟ್ಟು ಹಳ್ಳಿಗೆ ಹೋದವರ ಕತೆ ಬೆಂಗಳೂರಿನವರು ಹೇಳುತ್ತಾರೆ. ನಮ್ಮವರು ಎಲ್ಲಿಂದಲೂ ವಾಪಸು ಬರಬೇಕಾದ್ದು ಇರಲಿಲ್ಲ, ಮಣ್ಣಿನಲ್ಲೇ ಇದ್ದರು. ಕನ್ನಡದಲ್ಲಿ, ಬಣ್ಣದಲ್ಲಿ, ರಾಜ್‌ಕುಮಾರರ ಮುಖದಲ್ಲಿ ತಮ್ಮ ಕೆಲಸ ಕಂಡದ್ದು ಅವರಿಗೆ ದೊಡ್ಡದು. ರಾಜ್ಯ ಬೇರೆ ಆದ ಮೇಲೆ ನಮ್ಮ ಜನಕ್ಕೆ ಅಷ್ಟು ಸಮಾಧಾನ ಕೊಟ್ಟ ಇನ್ನೊಂದು ಪೆಟ್ಟಿಗೆಯನ್ನು ನಾನು ಏರಿಸಿಲ್ಲ.

‘ನಾಗರಹಾವು’ ಹುಡುಗರ ಪಿಕ್ಚರು. ಅದರಲ್ಲಿ ನಮ್ಮವರು ಹಿಡಿದುಕೊಂಡದ್ದು ಚಾಮಯ್ಯ ಮೇಷ್ಟ್ರನ್ನು. ಇಲ್ಲಿ ಕನ್ನಡ ಉಳಿದದ್ದು ಶಾಲೆಯ ಮಾಷ್ಟ್ರುಗಳಿಂದ, ಹಾಗಾಗಿ ಚಾಮಯ್ಯನಾದ ಅಶ್ವಥ್ ಪರದೆಗೆ ಬಂದರೆ ಬೆಂಚಿನ ಮಾಷ್ಟ್ರುಗಳು ನೆಟ್ಟಗೆ ಕೂರುವರು. ಇನ್ನೊಂದು, ಅದರ ಡೈರೆಕ್ಟರ್ ಪುಟ್ಟಣ್ಣ ಕಣಗಾಲ್ ಸ್ವಂತವಾಗಿ ಡೈರೆಕ್ಷನ್ ಶುರು ಮಾಡಿದ್ದೇ ಮಲಯಾಳದಲ್ಲಿ, 1964ರಲ್ಲಿ ‘ಸ್ಕೂಲ್ ಮಾಸ್ಟರ್’. ನಮ್ಮ ಟಾಕೀಸಿಗೆ ಬರುವ ಮಲಯಾಳಿಗಳಿಗೆ ಅದು ಗೊತ್ತಿತ್ತು, "ನಮ್ಮ ಪುಟ್ಟಣ್ಣ" ಅಂತಲೇ ಅವರು ಟಿಕೇಟು ತೆಗೆದದ್ದು.

---

ಪೈವಳಿಕೆಯ ಟೀಚರಕ್ಕ

ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಆದರೂ ನನ್ನ ವರ್ಷ 1975, ‘ಚೋಮನ ದುಡಿ’.

ರಾಜೀವನಿಗೆ ಉಳಲಿಕ್ಕೆ ನೆಲ ಸಿಕ್ಕಿತು. ಚೋಮನಿಗೆ ಸಿಗಲಿಲ್ಲ. ಎತ್ತು ಉಂಟು, ಆಸೆ ಉಂಟು, ಹುಟ್ಟಿದ ಜಾತಿಯಿಂದಾಗಿ ಬೇಸಾಯ ಮಾತ್ರ ಕೂಡದು. ಗೇಣಿ ಹೋಗಿ ಪಟ್ಟಯ ಬಂದಾಗಲೂ ನಮ್ಮ ಕಡೆ ಕೊರಗರಿಗೆ, ಮೊಗೇರರಿಗೆ ಎಷ್ಟು ಸಿಕ್ಕಿತು? ಗೇಣಿ ಚೀಟಿಯಾದರೂ ಇದ್ದವರು ಅರ್ಜಿ ಹಾಕಿದರು. ಕೂಲಿಗೆ ಇದ್ದವರಿಗೆ ಹೆಚ್ಚೆಂದರೆ ಗುಡಿಸಲಿನ ಅಡಿಯ ಹತ್ತು ಸೆಂಟ್ಸು ಜಾಗೆ. ನನ್ನ ಕ್ಲಾಸಿನಲ್ಲಿ ಅಂಥ ಮನೆಯ ಮಕ್ಕಳು ಇದ್ದರು, ಬೇಸಾಯದ ಪಾಠ ಬಂದಾಗ ಅವರು ಮುಖ ತಗ್ಗಿಸಿ ಕೂರುತ್ತಿದ್ದದ್ದು ನಾನು ಕಂಡಿದ್ದೇನೆ.

ಶಿವರಾಮ ಕಾರಂತರು ಆ ಕಾದಂಬರಿ ಬರೆದದ್ದು 1933ರಲ್ಲಿ, ನಾವು ಅವರು ಒಂದೇ ದಕ್ಷಿಣ ಕನ್ನಡ ಜಿಲ್ಲೆ ಆಗಿದ್ದಾಗ. ಪಿಕ್ಚರು ಮಾಡಿದ ಬಿ.ವಿ. ಕಾರಂತರು ಮಂಚಿಯವರು, ನಮ್ಮ ಗಡಿಯಿಂದ ಕೂಗಳತೆಯ ಊರು. ರಾಷ್ಟ್ರಪತಿಗಳ ಸ್ವರ್ಣಕಮಲ ಅದಕ್ಕೆ ಬಂತು, ಚೋಮನಾದ ಎಂ.ವಿ. ವಾಸುದೇವ ರಾಯರಿಗೆ ದೇಶದ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಾನು ಹೇಳುವುದು ಪ್ರಶಸ್ತಿಗಾಗಿ ಅಲ್ಲ. ಬಾಗಿಲು ಹಾಕಿಕೊಂಡು ಅವರು ದುಡಿ ಬಾರಿಸುವುದನ್ನು ನೋಡಿದ ಮೇಲೆ ನನಗೆ ರಾಜೀವನ ಪಿಕ್ಚರು ಅರ್ಧ ಕತೆ ಅನ್ನಿಸಿತು. ಉಳಿದ ಅರ್ಧ ಇಲ್ಲಿ ಉಂಟು.

ಮಗಳೇ, ನಿನ್ನ ಲೇಖನದಲ್ಲಿ 1972 ಹಾಕುವುದಾದರೆ 1975ನ್ನು ಅದರ ಪಕ್ಕದಲ್ಲೇ ಹಾಕು.

---

ಮುಳ್ಳೇರಿಯ ಕಿರಿಯ

ನನಗೆ 2018. ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಆಗಸ್ಟ್ 24ಕ್ಕೆ ಬಂತು. ಕೇರಳ ಇಡೀ ಪ್ರವಾಹದಲ್ಲಿ ಮುಳುಗಿದ ಓಣಂ ಅದು, ಮಲಯಾಳದ ಹಬ್ಬದ ಪಿಕ್ಚರುಗಳು ಮುಂದೆ ಹೋಗಿದ್ದವು. ನಾವು ಗೆಳೆಯರು ಮಂಗಳೂರಿಗೆ ಹೋಗಿ ನೋಡಿದೆವು. ನಾನು ಕನ್ನಡ ಮೀಡಿಯಂ. ಕನ್ನಡ ಬಾರದ ಟೀಚರು ಕನ್ನಡ ಮಕ್ಕಳಿಗೆ ಪಾಠ ಮಾಡಲಿಕ್ಕೆ ಬರುವುದು ನಮ್ಮ ಶಾಲೆಗಳಲ್ಲಿ ನಿಜವಾಗಿ ನಡೆದದ್ದೇ, ಮಕ್ಕಳು ತಂದೆತಾಯಿ ರಸ್ತೆಗೆ ಇಳಿದದ್ದೂ ನಿಜವೇ. ಊರಿನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಪರದೆ ಮೇಲೆ ಕನ್ನಡದಲ್ಲಿ ಕಂಡಾಗ ನಾವು ಎದ್ದು ನಿಂತು ಚಪ್ಪಾಳೆ ಹೊಡೆದೆವು. ಆ ಪಿಕ್ಚರಿಗೆ ಶ್ರೇಷ್ಠ ಮಕ್ಕಳ ಚಿತ್ರ ರಾಷ್ಟ್ರಪ್ರಶಸ್ತಿ ಬಂತು.

ಶೂಟಿಂಗು ಆದ ಶಾಲೆ ಕೈರಂಗಳದ್ದು, ಆಗ ಬಂಟ್ವಾಳ ತಾಲೂಕು, ಗಡಿಯ ಆ ಬದಿ. ಆ ಶಾಲೆಯನ್ನು ಪಿಕ್ಚರಿನ ಡೈರೆಕ್ಟರ್ ರಿಷಬ್ ಶೆಟ್ಟಿ ಆಮೇಲೆ ದತ್ತು ತೆಗೆದುಕೊಂಡರು. ಈ ಬದಿಯ ಶಾಲೆಗಳಿಗೂ ಅಂಥವರು ಬರಬೇಕು ಅಂತ ನನ್ನ ಆಸೆ.

---

ನೀರ್ಚಾಲಿನ ಓದುಗಿ

ಎಲ್ಲರಿಗೂ ತುಂಬಾ ಉಪಕಾರ. ಟೀಚರಕ್ಕ, 1975 ಖಂಡಿತ ಹಾಕುತ್ತೇನೆ.

ಆಪರೇಟರಣ್ಣ, ಇನ್ನೆರಡು ವಿಷಯ ಕೇಳಬೇಕು. ‘ಚೋಮನ ದುಡಿ’ ನಿಮ್ಮ ಟಾಕೀಸಿಗೆ ಬಂತಾ? ಮತ್ತೆ 1972 ಮಲಯಾಳಕ್ಕೂ ದೊಡ್ಡ ವರ್ಷ ಅನ್ನುತ್ತಾರೆ, ಡೈರೆಕ್ಟರ್ ಅಡೂರ್ ಗೋಪಾಲಕೃಷ್ಣನ್ ಅವರ ‘ಸ್ವಯಂವರಂ’ ಬಂದ ವರ್ಷ. ಅದನ್ನು ನೀವು ಓಡಿಸಿದ್ದು ಉಂಟಾ? ಕನ್ನಡದವರು ನೋಡಿದರಾ?

---

ಹಳೇ ಆಪರೇಟರ್

ಟೀಚರಕ್ಕ ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ. ‘ಚೋಮನ ದುಡಿ’ಯ ಪೆಟ್ಟಿಗೆ ನಮ್ಮಲ್ಲಿಗೆ ಬರಲಿಲ್ಲ. ನಾನು ನೋಡಿದ್ದು ಆಮೇಲೆ ಒಂದು ಶಾಲೆಯ ಹಾಲಿನಲ್ಲಿ, 16 ಎಂಎಂ ಸಣ್ಣ ಮಿಷನಿನಲ್ಲಿ. ಯಾರಿಗೆ ಸೇರಬೇಕಿತ್ತೋ ಅವರಿಗೆ ಆ ಪಿಕ್ಚರು ಮುಟ್ಟಲಿಲ್ಲ, ಅದು ನನಗೆ ಈಗಲೂ ಸಂಕಟ. ನಮ್ಮ ಟಾಕೀಸಿನ ನೆಲದಲ್ಲಿ ಎದುರಿನ ಸಾಲಿನಲ್ಲಿ ಕೂರುತ್ತಿದ್ದವರು ಅವರೇ. ದುಡಿಯ ಶಬ್ದ ಅವರಿಗೆ ನಮ್ಮ ಮೈಕದಿಂದ ಕೇಳಬೇಕಿತ್ತು.

‘ಸ್ವಯಂವರಂ’ ಓಡಿಸಿದ್ದೇನೆ. 1972 ನವೆಂಬರಿನಲ್ಲಿ ಅದು ಬಿಡುಗಡೆ ಆದಾಗ ಕೇರಳದಲ್ಲೇ ಜನ ನೋಡಲಿಲ್ಲ. ಶ್ರೇಷ್ಠ ಚಿತ್ರ, ಡೈರೆಕ್ಷನ್, ಶಾರದಾ ಅವರ ನಟನೆ, ಮಂಕಡ ರವಿವರ್ಮರ ಕ್ಯಾಮೆರಾ ಅಂತ ನಾಲ್ಕು ರಾಷ್ಟ್ರಪ್ರಶಸ್ತಿ ಬಂದ ಮೇಲೆ ಪುನಃ ಬಿಟ್ಟರು, ಆಗ ನಮ್ಮಲ್ಲಿಗೂ ಬಂತು. ಕಪ್ಪುಬಿಳುಪು, ಒಂದು ಹಾಡಿಲ್ಲ. ಶುರುವಿಗೆ ಒಂದು ಬಸ್ಸು ಹೋಗುತ್ತದೆ, ಹೋಗುತ್ತಲೇ ಇರುತ್ತದೆ, ಮಾತೇ ಇಲ್ಲ. ಸೌಂಡು ಹೋಗಿದೆ ಅಂತ ಜನ ಕ್ಯಾಬಿನಿಗೆ ಬಂದು ತಟ್ಟಿದರು. ಬಸ್ಸಿನ ಶಬ್ದ ಕೇಳುತ್ತದಲ್ಲ, ಸೌಂಡು ಸರಿ ಉಂಟು ಅಂತ ಹೇಳಿ ಕಳಿಸಿದೆ. ಇಂಟರ್ವಲ್ಲಿಗೆ ಅರ್ಧ ಜನ ಎದ್ದು ಹೋದರು.

ಉಳಿದ ಅರ್ಧದಲ್ಲಿ ಕನ್ನಡದವರು, ತುಳುವರು ಇದ್ದರು. ಊರು ಬಿಟ್ಟು ಪೇಟೆಗೆ ಹೋದ ಗಂಡಹೆಂಡತಿಗೆ ಒಂದೊಂದೇ ಕೆಲಸ ಕೈ ತಪ್ಪುತ್ತದೆ, ಕೊನೆಗೆ ಗಂಡನಿಗೆ ಮರದ ಮಿಲ್ಲಿನಲ್ಲಿ ಗುಮಾಸ್ತಗಿರಿ, ಅದೂ ಇನ್ನೊಬ್ಬನನ್ನು ತೆಗೆದು ಖಾಲಿ ಮಾಡಿದ ಜಾಗ. ಆ ಹೊತ್ತಿಗೆ ನಮ್ಮ ಊರಿನ ಓದಿದ ಹುಡುಗರು ಬೊಂಬಾಯಿಗೆ ಹೋಗಿ ಹೋಟೇಲಿನಲ್ಲಿ ಬಿಲ್ಲು ಬರೆಯುತ್ತಿದ್ದರು. ಅವರ ತಾಯಂದಿರು ಆ ಪಿಕ್ಚರು ನೋಡಿದ್ದಾರೆ. ರೀಲು ಬದಲಿಸುವಾಗ ಒಬ್ಬ ತಾಯಿ ಇನ್ನೊಬ್ಬರ ಹತ್ತಿರ, ನಿಮ್ಮವನ ಕಾಗದ ಬಂತಾ ಅಂತ ಕೇಳಿದ್ದು ನನಗೆ ಕೇಳಿದೆ. ಭಾಷೆ ಅವರಿಗೆ ಅಡ್ಡ ಬರಲಿಲ್ಲ. ಮಣ್ಣು ಹಿಡಿದು ನಿಂತವನ ಪಿಕ್ಚರು ಮಂಗಳೂರು ಕಡೆಯಿಂದ, ಮಣ್ಣು ಬಿಟ್ಟು ಹೋದವನ ಪಿಕ್ಚರು ಕಲ್ಲಿಕೋಟೆ ಕಡೆಯಿಂದ, ಎರಡೂ ಒಂದೇ ಮಿಷನಿನಲ್ಲಿ ಓಡಿದ್ದು ನಮ್ಮಂಥ ಊರಿನಲ್ಲಿ ಮಾತ್ರ. ಬೆಂಗಳೂರಿನವರ 1972ರಲ್ಲಿ ‘ಸ್ವಯಂವರಂ’ ಇಲ್ಲ, ತಿರುವನಂತಪುರದವರ 1972ರಲ್ಲಿ ‘ಬಂಗಾರದ ಮನುಷ್ಯ’ ಇಲ್ಲ. ನಮಗೆ ಎರಡೂ ಉಂಟು. ಮಗಳೇ, ಇದನ್ನು ಲೇಖನದಲ್ಲಿ ಬರೆಯದೆ ಬಿಡಬೇಡ.

ಆ ಕಾಲದ ಹಾಡಿನ ಪುಸ್ತಕಗಳು, ಊರೂರಿಗೆ ಹಂಚಿದ ನೋಟೀಸುಗಳು ನನ್ನ ಹತ್ತಿರ ಒಂದು ಟ್ರಂಕಿನಲ್ಲಿ ಉಂಟು. ಕೆಲವು ನೋಟೀಸು ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಗೆದ್ದಲು ಹಿಡಿಯುವ ಮೊದಲು ಫೋಟೋ ತೆಗೆದಿಡಬೇಕು. ಪತ್ತನಾಜೆ (ಮೇ ಕೊನೆಯ ಹೊತ್ತು) ಕಳೆದು ಮಳೆ ಶುರುವಾದರೆ ಕಾಗದಕ್ಕೆ ತಂಪು ಎಳೆಯುತ್ತದೆ, ಹಾಗಾಗಿ ಅದಕ್ಕಿಂತ ಮೊದಲು ಬಾ. ಅಜ್ಜಿಯನ್ನೂ ಕರೆದುಕೊಂಡು ಬಾ, ಅವರು ಯಾವ ಬದಿಯ ಬೆಂಚಿನಲ್ಲಿ ಕೂರುತ್ತಿದ್ದರು ಅಂತ ನನಗೆ ಕೇಳಲಿಕ್ಕುಂಟು.